ಖಾತ್ರಿ ಮಂದಿ

ಖೂಬಾ ಪ್ಲಾಟಿನ ಈ ಬಾಡಿಗಿ ಮನಿಗೆ
ನಮಗ ಬಾಗಿಲು ಒಂದು, ಧೂಳಿಗೆ ಎಂಟು.
ಮುಂಜಾನೆ ಝಾಡಿಸಿದ ಟೇಬಲ್ ಮ್ಯಾಲ
ಮಧ್ಯಾಹ್ನಕ್ಕ ಬೆರಳಿಲೆ ಹೆಸರು ಬರೀಬಹುದು.
ಬರದದ್ದೂ ಅದ ನಾನು,
ನೈಟ್ ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಸೈತ ಬಿಡದ:
‘ಯಾರರೆ ಬರ್ರಿ.’

ಹಾಲಿನ ಶರಣಪ್ಪಗ ಕೇಳಿದೆ,
ವಾರ್ಡಿನ ಆಯಾಗ ಕೇಳಿದೆ,
ಇಸ್ತ್ರಿ ಬಂಡಿ ಖಾಜಾಮಿಯಾಗ ಎರಡು ಸಲ ಕೇಳಿದೆ.
ಎಲ್ಲಾರದೂ ಒಂದ ಮಾತು:
‘ಮಂದಿ ಬೇಕಾದಷ್ಟು ಸಿಗ್ತಾರ ಸಿಸ್ಟರ್,
ಖಾತ್ರಿ ಮಂದಿ ಅಂದ್ರ ಮಾತ್ರ…’
ಆ ‘ಮಾತ್ರ’ದಾಗ ಒಂದು ವರ್ಷ ಹೋತು.

ಮೊದಲಿನಾಕಿ ಒಂಬತ್ತು ದಿನ ಬಂದಳು,
ಹತ್ತನೇ ದಿನ ಫೋನು ಸ್ವಿಚಾಫ್.
ಎರಡನೇದಾಕಿ ನಡುಮನಿ ಅಷ್ಟ ಗುಡಿಸಾಕಿ,
ಮೂಲಿ ಅಂದ್ರ ಆಕಿ ಲೆಕ್ಕದಾಗ ಬ್ಯಾರೆ ಊರು.
ಮೂರನೇದಾಕಿ ಛಲೋ ಇದ್ದಳು.
ಯಾಕ ಬಿಟ್ಟಳೋ ನನಗ ಗೊತ್ತಿರಲಿಲ್ಲ.
ಗೊತ್ತಿಲ್ಲ ಅಂತ ಎಲ್ಲಾರ ಮುಂದ ಹೇಳಿಕೋತ ತಿರಗಿದೆ.

ಹೋಳಿ ಮುಗಿದ ವಾರ
ತಾರಫೈಲಿಂದ ಶಾಣಮ್ಮ ಬಂದಳು.
ಪಗಾರ ಕೇಳಲಿಲ್ಲ.
ಸೆರಗು ಸೊಂಟಕ್ಕ ಸಿಗಿಸಿ, ಹೊಸ್ತಿಲದಾಗ ಕುಂತು
ಫರ್ಶಿ ಮ್ಯಾಲ ಅಂಗೈ ಇಟ್ಟಳು
ಜ್ವರ ನೋಡಿದಂಗ.
‘ಶಹಾಬಾದಿ ಕಲ್ಲು. ನಮ್ಮಪ್ಪ ಇಂಥವು ಎಬ್ಬಿಸ್ಯಾನ,
ಖಣಿಯಾಗ, ಹದಿನೆಂಟು ವರ್ಷ.
ಇದಕ್ಕ ಆ್ಯಸಿಡ್ ಸುರದಾರ ಯಾರೋ, ಮಾರಿ ಬೆಳ್ಳಗಾಗ್ಯಾದ.
ಬರೇ ನೀರು ಸಾಕ್ರಿ. ಎರಡು ಸಲ.
ಎರಡನೇ ಸಲ ಬಟ್ಟಿ ಗಟ್ಟಿ ಹಿಂಡಬೇಕು.’

ನನ್ನ ಸವಾಲು ನಾಲಗಿ ಮ್ಯಾಲೇ ಇದ್ವು:
ಎಲ್ಲೆಲ್ಲಿ ಮಾಡೀದಿ, ಯಾರು ಕಳಸ್ಯಾರ, ಆಧಾರ್ ಅದ ಏನು.
ಆಕಿನೇ ಮೊದಲು ಕೇಳಿದಳು:
‘ಪಗಾರ ಒಂದನೇ ತಾರೀಖೋ, ಕೈಯಾಗ ಇದ್ದಾಗೋ?
ಮೈಯಾಗ ಆರಾಮಿಲ್ಲದ ದಿನ ಕಟ್ ಮಾಡ್ತೀರೋ?
ನೀರು ಕೇಳಿದ್ರ ಎದರಾಗ ಕೊಡ್ತೀರಿ?
ಬಚ್ಚಲ ಗೂಡಿನಾಗಿನ ಪ್ಲಾಸ್ಟಿಕ್ ಗ್ಲಾಸಿನಾಗ ಅಂದ್ರ
ಈಗ ಹೇಳಿಬಿಡ್ರಿ. ಜುಲೇಖಾ ನನ್ನ ಗೆಳತಿ.’

ಜುಲೇಖಾ ಅಂದ್ರ ಮೂರನೇದಾಕಿ.
ಗ್ಲಾಸು ಇನ್ನೂ ಅಲ್ಲೇ ಇತ್ತು.
ನಮ್ಮತ್ತಿ ಇಟ್ಟದ್ದದು, ಅಂದೆ.
‘ನೀವೂ ತಗೀಲಿಲ್ಲಲ್ರಿ.’
ಸಿಟ್ಟಿಲೆ ಅಲ್ಲ,
ಮಂಚದ ಕಾಲಿನ ಹಿಂದ ಕಸ ಉಳದದ ಅಂತ
ತೋರಿಸಿದಂಗ.

ಆದ್ರೂ ನನ್ನ ಬುದ್ಧಿ ನೋಡ್ರಿ.
ಬಾಜೂ ಮನಿ ಗಿರಿಜಾಬಾಯಿ ಹೇಳಿಕೊಟ್ಟಂಗ
ಮರುವಾರ ಮಂಚದ ಬುಡಕ
ಹತ್ತರ ನೋಟು ಬೀಳಿಸಿಟ್ಟೆ.
ನಿದ್ದಿಯಿಂದ ಎದ್ದಾಗ ಅದು ಟೇಬಲ್ ಮ್ಯಾಲಿತ್ತು,
ಬಿ.ಪಿ. ಮಿಷನ್ನಿನ ಕೆಳಗ, ಗಾಳಿಗೆ ಹಾರದಂಗ.
‘ಪರೀಕ್ಷಾ ಮುಗೀತೇನ್ರಿ ಸಿಸ್ಟರ್?
ಇನ್ನೊಂದು ಇಡೋದಿದ್ರ ಐನೂರರದು ಇಡ್ರಿ.
ಹತ್ತಕ್ಕೆಲ್ಲಾ ಬಗ್ಗಿದ್ರ ಸೊಂಟ ನೋಯ್ತದ.’

ಆ ದಿನ ಚಾ ನಾನೇ ಮಾಡಿದೆ.
ಎರಡೂ ಸ್ಟೀಲ್ ಲೋಟ. ಯಾವದು ಯಾರದು
ತೊಳದಮ್ಯಾಲ ನನಗೂ ತಿಳೀಲಿಲ್ಲ.

ಈಗ ಮೂರು ವರ್ಷ.
ಕೀಲಿಕೈ ಆಕಿ ಕಡೆ ಒಂದು, ನನ್ನ ಕಡೆ ಒಂದು.
ನಾ ಮಲಗಿದಾಗ ಬರ್ತಾಳ, ಬಕೀಟು ಸಪ್ಪಳ ಮಾಡಂಗಿಲ್ಲ.
ಬರದಿದ್ರ ಹಿಂದಿನ ರಾತ್ರಿನೇ ಫೋನು. ಕಾರಣ
ಆಕಿ ಹೇಳಂಗಿಲ್ಲ, ನಾ ಕೇಳಂಗಿಲ್ಲ.
ಒಮ್ಮೆ ಪಗಾರ ನಾಲ್ಕನೇ ತಾರೀಖಿಗೆ ಕೊಟ್ಟೆ.
ಎಣಿಸಿದಳು, ಸೆರಗಿನ ತುದಿಗೆ ಕಟ್ಟಿದಳು,
ಕ್ಯಾಲೆಂಡರ್ ಕಡೆ ಒಂದು ಸಲ ನೋಡಿದಳು.
ಅಷ್ಟ.

ಮೊನ್ನೆ ಹೊಸಾ ಡಾಕ್ಟರ್ ಮೇಡಂ ಕೇಳಿದ್ರು:
‘ನಿಮಗ ಗೊತ್ತಿದ್ದ ಖಾತ್ರಿ ಮಂದಿ ಯಾರರೆ ಅದಾರೇನು?’
ಮನಿಗೆ ಬಂದು ಶಾಣಮ್ಮಗ ಹೇಳಿದೆ.
ಬಟ್ಟಿ ಹಿಂಡಿಕೋತ ಅಂದಳು:
‘ಮೇಡಂ ಹ್ಯಾಂಗ?’
‘ಗೊತ್ತಿಲ್ಲ.’
‘ವಿಚಾರಿಸಿ ಹೇಳ್ರಿ ಮತ್ತ.
ಈಗ ಕಾಲು ಎತ್ರಿ, ಹಸಿ ಅದ.’